ಯೂಬಾ ಸಿಟಿಯ ಒಂದು ಭೋಜನಶಾಲೆ: ಪಂಜಾಬಿ-ಮೆಕ್ಸಿಕನ್ ಕುಟುಂಬಗಳ ಇತಿಹಾಸದ ಒಂದು ಪರಿಶೀಲನೆ

1

ಅಮೆರಿಕಾ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ರಾಜ್ಯದ ಉತ್ತರಭಾಗದಲ್ಲಿ, ಫೆದರ್ ನದಿಯ ಪಶ್ಚಿಮ ದಡದ ಮೇಲೆ, ಯೂಬಾ ಸಿಟಿ ಎಂಬ ಊರಿದೆ. ಸುತ್ತಲೂ ಪೀಚ್ ಮತ್ತು ಪ್ರೂನ್ ಹಣ್ಣಿನ ತೋಟಗಳು. ಈ ಊರಿನಲ್ಲಿ 1954ರಲ್ಲಿ ಆರಂಭವಾಗಿ 1993ರವರೆಗೆ ನಡೆದ ಒಂದು ಸಾಮಾನ್ಯ ಭೋಜನಶಾಲೆಯ ಹೆಸರು 'ರಸೂಲ್ಸ್ ಎಲ್ ರಾಂಚೆರೊ'. ಹೆಸರಿನ ಮೊದಲ ಪದ ಪಂಜಾಬಿನ ಮುಸಲ್ಮಾನ ಮನೆತನವೊಂದರದು. ಅದಕ್ಕೆ ಹತ್ತಿದ ಷಷ್ಠೀ ಪ್ರತ್ಯಯ ಇಂಗ್ಲಿಷಿನದು. ಉಳಿದ ಎರಡು ಪದಗಳು ಸ್ಪ್ಯಾನಿಷ್ ಭಾಷೆಯವು, ಹೊಲಮನೆ ದನಕರುಗಳನ್ನುಳ್ಳ ರೈತನೆಂಬ ಅರ್ಥವನ್ನು ಕೊಡುವಂಥವು. ಒಂದು ನಾಮಫಲಕದಲ್ಲಿ ಮೂರು ದೇಶಗಳ ನುಡಿಗಳು ಕೂಡಿಕೊಂಡಿದ್ದುವು. ಯಜಮಾನರು ಪಂಜಾಬಿನಿಂದ ಬಂದವರು. ಅವರ ಪತ್ನಿ ಮೆಕ್ಸಿಕೋ ಮೂಲದವರು.

ಅಲ್ಲಿಗೆ ಬಂದ ಗಿರಾಕಿಗೆ ಮೆಕ್ಸಿಕೋ ದೇಶದ ಎಂಚಿಲಾಡ ದೊರೆಯುತ್ತಿತ್ತು. ಪಂಜಾಬಿನ ಕೋಳಿಸಾರು ಮತ್ತು ರೋಟಿಯೂ ದೊರೆಯುತ್ತಿತ್ತು. ಇವೆರಡರ ಜೊತೆಗೆ, ಎರಡೂ ಅಡುಗೆಮನೆಗಳು ತಮ್ಮದೆಂದು ಹೇಳಿಕೊಳ್ಳಬಹುದಾಗಿದ್ದ ಮತ್ತೊಂದು ತಿನಿಸೂ ಇತ್ತು. ಅದಕ್ಕೆ 'ರೋಟಿ ಕೆಸಡಿಯ' ಎಂದು ಹೆಸರು: ಪದರ ಪದರವಾದ ಪರಾಠೆಯೊಳಗೆ ಕರಗಿದ ಚೀಸು, ಈರುಳ್ಳಿ ಮತ್ತು ಎಳೆ ಎಳೆಯಾಗಿ ಬಿಡಿಸಿದ ದನದ ಮಾಂಸವನ್ನು ಇಟ್ಟು ಮಡಿಸಿದ್ದು.

ಸಂಶೋಧನ ಸಂಚಿಕೆಯಲ್ಲಿ ಭೋಜನಶಾಲೆಯ ಮಾತಿಗೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ಶಾಸನ, ಕಡತ, ಪ್ರವಾಸಿಗಳ ಬರಹಗಳಿಂದ ಚರಿತ್ರೆಯನ್ನು ಕಟ್ಟುವುದು ನಮಗೆ ರೂಢಿಯಾಗಿದೆ. ಆದರೆ ಬರಹವನ್ನು ಹೆಚ್ಚಾಗಿ ಉಳಿಸದೆ ಹೋದ ಜನರ ವಿಷಯದಲ್ಲಿ ಅವರು ಏನನ್ನು ಉಂಡರು, ಅದನ್ನು ಯಾರು ಬೇಯಿಸಿದರು ಎಂಬುದೂ ಒಂದು ಆಕರವೇ. ಎಲ್ ರಾಂಚೆರೊದ ಊಟದ ಹಿಂದೆ ಅರ್ಧ ಶತಮಾನದ ಕಾನೂನುಗಳ ಚರಿತ್ರೆಯಿದೆ. ಭಾರತೀಯರನ್ನು ದೂರವಿಡಲೆಂದು ಹುಟ್ಟಿದ ಕಾನೂನುಗಳೇ ಈ ಮಿಶ್ರ ಕುಟುಂಬಗಳ ಹುಟ್ಟಿಗೆ ಕಾರಣವಾದುವು. ಭಾರತೀಯರಿಗೆ ಬಾಗಿಲು ತೆರೆದ ಕಾನೂನುಗಳು ಅವು ಕ್ರಮೇಣ ಕರಗಿಹೋಗುವುದಕ್ಕೆ ಕಾರಣವಾದುವು. ಈ ಮಾತನ್ನು ವಿಶದಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಪಂಜಾಬಿನ ರೈತರು ಕೆನಡಾದ ಪಶ್ಚಿಮ ತೀರಕ್ಕೆ ಹೋಗತೊಡಗಿದರು. ಇವರಲ್ಲಿ ಬಹುಮಂದಿ ಜಲಂಧರ್, ಹೋಶಿಯಾರ್‌ಪುರ ಮೊದಲಾದ ಜಿಲ್ಲೆಗಳ ಸಿಖ್ಖರು. ಮುಸಲ್ಮಾನರೂ ಕೆಲವು ಹಿಂದೂಗಳೂ ಇದ್ದರು. ಹಿಡುವಳಿಗಳು ಪಾಲಾಗುತ್ತ ಚಿಕ್ಕದಾದುದು, ಸಾಲದ ಹೊರೆ, ಬ್ರಿಟಿಷ್ ಸೈನ್ಯದ ನೌಕರಿಯಿಂದ ಉಂಟಾದ ಹೊರನಾಡಿನ ಪರಿಚಯ, ಇವು ವಲಸೆಗೆ ಕಾರಣಗಳು. ಮನೆಯ ಮಕ್ಕಳಲ್ಲಿ ಒಬ್ಬನನ್ನು ಕಳುಹಿಸಿ, ಅವನ ಗಳಿಕೆಯಿಂದ ಊರಿನಲ್ಲಿ ಜಮೀನು ಬಿಡಿಸಿಕೊಳ್ಳಬೇಕೆಂಬುದು ಬಹುಪಾಲು ಕುಟುಂಬಗಳ ಲೆಕ್ಕಾಚಾರ. ಆದುದರಿಂದ ಹೋದವರೆಲ್ಲ ಬಹುಮಟ್ಟಿಗೆ ಗಂಡಸರೇ. ಅವರಲ್ಲಿ ಅನೇಕರಿಗೆ ಊರಿನಲ್ಲಿ ಹೆಂಡತಿಯರೂ ಇದ್ದರು.

1908ರಲ್ಲಿ ಕೆನಡಾ ಸರಕಾರ, ಸ್ವದೇಶದಿಂದ ಎಲ್ಲಿಯೂ ಪ್ರಯಾಣ ಮುರಿಯದೆ ಬಂದವರಿಗೆ ಮಾತ್ರ ಪ್ರವೇಶವೆಂದು ನಿಯಮ ಮಾಡಿತು. ಭಾರತದಿಂದ ಅಂತಹ ನೇರ ಪ್ರಯಾಣಕ್ಕೆ ಅನುಕೂಲವಿರಲಿಲ್ಲವಾಗಿ ಆ ದಾರಿ ಮುಚ್ಚಿದಂತಾಯಿತು. ಹಿಂದಿನ ವರ್ಷ, ಅಂದರೆ 1907ರ ಸೆಪ್ಟೆಂಬರಿನಲ್ಲಿ, ಗಡಿಯ ಈಚೆಯ ಬೆಲಿಂಗ್‌ಹ್ಯಾಮ್ ಊರಿನಲ್ಲಿ ಬಿಳಿಯ ಕೂಲಿಗಾರರ ಗುಂಪು ಮರದ ಕಾರ್ಖಾನೆಗಳ ಭಾರತೀಯ ಕೆಲಸಗಾರರ ಮೇಲೆ ಬಿದ್ದು ಅವರನ್ನು ಓಡಿಸಿತ್ತು. ಹೀಗೆ ದಕ್ಷಿಣಕ್ಕೆ ಸರಿಯುತ್ತ ಅವರು ಕ್ಯಾಲಿಫೋರ್ನಿಯಾದ ಬಯಲುಗಳನ್ನು ಸೇರಿದರು. ಮೊದಲನೆಯ ಮಹಾಯುದ್ಧದ ವೇಳೆಗೆ ಅಮೆರಿಕಾಕ್ಕೆ ಬಂದಿದ್ದ ಭಾರತೀಯರ ಸಂಖ್ಯೆ ಸುಮಾರು 7,000. ಅವರ ಮತ ಯಾವುದೇ ಇರಲಿ, ಅಲ್ಲಿನ ಜನ ಎಲ್ಲರನ್ನೂ 'ಹಿಂದೂ' ಎಂದೇ ಕರೆದರು. ಆ ಹೆಸರಿಗೆ ಆ ದೇಶದಲ್ಲಿ ಹಿಂದೂದೇಶದವನು ಎಂದಷ್ಟೇ ಅರ್ಥ.

1917ರ ವಲಸೆಯ ಕಾಯಿದೆ ಏಷ್ಯಾ ಖಂಡದ ಬಹುಭಾಗವನ್ನು ನಿಷಿದ್ಧ ವಲಯವೆಂದು ಸಾರಿತು. ಭಾರತ ಅದರೊಳಗೆ ಸೇರಿತ್ತು. ಇನ್ನು ಊರಿಗೆ ಹೋದವರು ಮರಳಿ ಬರುವಂತಿರಲಿಲ್ಲ. ಇಲ್ಲಿದ್ದವರು ಹೆಂಡತಿಯರನ್ನು ಕರೆಸುವಂತಿರಲಿಲ್ಲ. ಕೆಲವು ವರ್ಷ ದುಡಿದು ಹಿಂದಿರುಗೋಣವೆಂದು ಬಂದಿದ್ದವರು, ಇತ್ತ ಉಳಿದರೆ ಒಂಟಿತನ, ಅತ್ತ ಹೋದರೆ ಮಾಡಿದ ದುಡಿಮೆ ವ್ಯರ್ಥ ಎಂಬ ಸ್ಥಿತಿಗೆ ಬಂದರು.

3

ಮಿಶ್ರ ವಿವಾಹಗಳು ಅಧಿಕವಾಗಿ ನಡೆದುದು ಯೂಬಾ ಸಿಟಿಗೆ ಬಹು ದೂರದಲ್ಲಿ, ಮೆಕ್ಸಿಕೋ ಗಡಿಯನ್ನು ಮುಟ್ಟಿಕೊಂಡಿರುವ ಇಂಪೀರಿಯಲ್ ಕಣಿವೆಯಲ್ಲಿ. ಅದು ಮೂಲತಃ ಮರುಭೂಮಿ. 1901ರಲ್ಲಿ ಕೊಲರಾಡೋ ನದಿಯ ನೀರನ್ನು ಕಾಲುವೆಯಿಂದ ತಂದ ಮೇಲೆ ಅಲ್ಲಿ ಹತ್ತಿ, ಖರಬೂಜ ಮೊದಲಾದ ಬೆಳೆಗಳು ಎದ್ದುವು. ಕಾಲುವೆಯ ಬೇಸಾಯವನ್ನು ಬಲ್ಲ ಪಂಜಾಬಿಗಳು ಅಲ್ಲಿ ಕೂಲಿಗಳಾಗಿ ಆರಂಭಿಸಿ, ಪಾಲುದಾರರಾಗಿ ಕೂಡಿಕೊಂಡು, ಭೂಮಿಯನ್ನು ಗುತ್ತಿಗೆಗೆ ಹಿಡಿದರು. ಅದೇ ಕಾಲದಲ್ಲಿ, 1910ರಲ್ಲಿ ತಲೆದೋರಿದ ಮೆಕ್ಸಿಕೋ ಕ್ರಾಂತಿಯ ಹಾವಳಿಯಿಂದ ತಪ್ಪಿಸಿಕೊಂಡು ಬಂದ ಕುಟುಂಬಗಳು ಆ ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದುವು. ಎರಡು ಕಡೆಯವರೂ ಪರದೇಶದವರು. ಎರಡು ಕಡೆಯವರೂ ಬಿಳಿಯರ ದೃಷ್ಟಿಯಲ್ಲಿ ಕೀಳು. ಅವರು ಪರಸ್ಪರ ಕಂಡುದು ಹತ್ತಿಯ ಹೊಲದಲ್ಲಿ.

ಕ್ಯಾಲಿಫೋರ್ನಿಯಾದ ಅಂದಿನ ಕಾನೂನು ಬಿಳಿಯರಿಗೂ ಇತರ ಕೆಲವು ವರ್ಣದವರಿಗೂ ವಿವಾಹವನ್ನು ನಿಷೇಧಿಸಿತ್ತು. ಆ ನಿಷೇಧವನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೆಗೆದುಹಾಕಿದುದು 1948ರಲ್ಲಿ. ಪರವಾನಗಿ ಕೊಡುವ ಕಚೇರಿಯ ಗುಮಾಸ್ತನು ವಧೂವರರ ಮೈಬಣ್ಣ ಒಂದೇ ಎಂದು ಕಂಡರೆ ಬರೆದುಕೊಡುತ್ತಿದ್ದನು; ಕಾಣದಿದ್ದರೆ ಅವರು ಬೇರೊಂದು ಕೌಂಟಿಗೆ ಹೋಗಬೇಕಾಗುತ್ತಿತ್ತು. ಪಂಜಾಬಿ ಪುರುಷನಿಗೆ ಮೆಕ್ಸಿಕನ್ ವಧು ದೊರೆತುದರಲ್ಲಿ ಈ ಗುಮಾಸ್ತನ ಕಣ್ಣಳತೆಯ ಪಾತ್ರವೂ ಉಂಟು. ಈ ವಿಷಯವನ್ನು ಆಳವಾಗಿ ಶೋಧಿಸಿದ ಕ್ಯಾರೆನ್ ಲಿಯೊನಾರ್ಡ್ ಎಂಬ ವಿದುಷಿ ತಮ್ಮ 1992ರ ಗ್ರಂಥದಲ್ಲಿ 378 ದಂಪತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಅವರಲ್ಲಿ ನೂರಕ್ಕೆ ಸುಮಾರು 80 ಮಂದಿ ಪತ್ನಿಯರು ಸ್ಪ್ಯಾನಿಷ್ ನುಡಿಯ ಮನೆತನದವರು. ಹಲವೆಡೆ ಅಕ್ಕತಂಗಿಯರು ಇಬ್ಬರು ಪಾಲುದಾರರನ್ನು ಮದುವೆಯಾದರು. ಹೊಲದ ಪಾಲುದಾರಿಕೆ ಹೀಗೆ ಷಡ್ಡಕರ ಸಂಬಂಧವೂ ಆಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ. ಪಂಜಾಬಿಗಳು ಹೆಂಡತಿಯ ಹೆಸರಿನಲ್ಲಿ ಭೂಮಿಯನ್ನು ಹಿಡಿಯಲೆಂದೇ ಮದುವೆಯಾದರೆಂದು ಹೇಳುವುದುಂಟು. ಕಾಲಾನುಕ್ರಮವನ್ನು ಪರಿಶೀಲಿಸಿದರೆ ಈ ವಾದ ನಿಲ್ಲುವುದಿಲ್ಲ. ಪೌರತ್ವಕ್ಕೆ ಅರ್ಹರಲ್ಲದ ಪರದೇಶಿಗಳು ಭೂಮಿಯನ್ನು ಹೊಂದಕೂಡದೆಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿ, 1920ರಲ್ಲಿ ಅದನ್ನು ಗುತ್ತಿಗೆಗೂ ವಿಸ್ತರಿಸಿತು. ಆದರೆ ಭಾರತೀಯರು ಅಂಥ ಅನರ್ಹರೆಂಬುದು ನಿರ್ಣಯವಾದುದು 1923ರ ಫೆಬ್ರವರಿಯಲ್ಲಿ, ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ. ಅಮೆರಿಕಾದ ಸೈನ್ಯದಲ್ಲಿ ಸೇವೆ ಮಾಡಿದ್ದ ಥಿಂಡ್ ಅವರನ್ನು ಕುರಿತು ಅಲ್ಲಿನ ಸುಪ್ರೀಂ ಕೋರ್ಟು, ವಂಶಶಾಸ್ತ್ರಜ್ಞರು ಏನೇ ಹೇಳಲಿ, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಭಾರತೀಯನು ಬಿಳಿಯನಲ್ಲ, ಆದುದರಿಂದ ಪೌರತ್ವಕ್ಕೆ ಅರ್ಹನಲ್ಲ ಎಂದು ತೀರ್ಪಿತ್ತಿತು. ಮಿಶ್ರ ವಿವಾಹಗಳು ಇದಕ್ಕೆ ಅನೇಕ ವರ್ಷಗಳ ಹಿಂದೆಯೇ ಆರಂಭವಾಗಿದ್ದುವು. ಅದೂ ಅಲ್ಲದೆ, 1922ರ ಕೇಬಲ್ ಕಾಯಿದೆಯ ಮೇರೆಗೆ ಅನರ್ಹ ಪರದೇಶಿಯನ್ನು ವರಿಸಿದ ಅಮೆರಿಕನ್ ಸ್ತ್ರೀ ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ಈ ನಿಯಮ 1931ರವರೆಗೆ ಇತ್ತು. ಹೆಂಡತಿಯ ಹೆಸರಿನಿಂದ ಭೂಮಿ ದೊರೆಯುವ ಸಂಭವ ಬಹಳ ಕಡಮೆ. ನಿಜವಾಗಿ ಆಧಾರವಾದವರು ಮಕ್ಕಳು. ಅಮೆರಿಕಾದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಪೌರ. ತಂದೆ ಕೊಳ್ಳಲಾರದ ಹೊಲವನ್ನು ತೊಟ್ಟಿಲಲ್ಲಿರುವ ಮಗುವಿನ ಹೆಸರಿಗೆ ಬರೆಸಿ, ಮಗುವಿನ ಪೋಷಕನೆಂಬ ನೆಲೆಯಲ್ಲಿ ತಾನು ಬೇಸಾಯ ಮಾಡಬಹುದಾಗಿತ್ತು. ಈ ಉಪಾಯವನ್ನು ಹಲವರು ಅವಲಂಬಿಸಿದರು. ಆದರೆ ಅದು ಮದುವೆಗಳ ಫಲವೇ ಹೊರತು ಅವುಗಳ ಹೇತುವಲ್ಲ.

4

ಈ ಮನೆಗಳ ಅಡುಗೆಯ ವಿಚಾರ ವಿಶೇಷ ಗಮನಕ್ಕೆ ಅರ್ಹವಾದುದು. ನಮ್ಮ ನಾಡಿನ ಒಂದು ಉದಾಹರಣೆಯನ್ನು ಎದುರಿಗಿಟ್ಟುಕೊಂಡರೆ ಅದರ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಉಡುಪಿಯ ಕಡೆಯವರು ಮುಂಬಯಿ ಮದರಾಸುಗಳಲ್ಲಿ ಹೋಟೆಲುಗಳನ್ನು ತೆರೆದಾಗ ಅಡುಗೆಯ ಭಟ್ಟರು ಊರಿನಿಂದಲೇ ಬಂದರು. ಪಾಕವೂ ಪಾಕಜ್ಞರೂ ಒಟ್ಟಿಗೆ ಪ್ರಯಾಣ ಮಾಡಿದುದರಿಂದ ರುಚಿ ಕೆಡಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆದುದು ಬೇರೆ. ಪಂಜಾಬಿನಲ್ಲಿ ಒಲೆ ಹೆಂಗಸರದು. ಆದರೆ ಹೆಂಗಸರು ಬರಲಿಲ್ಲ. ಬಂದ ಗಂಡಸರು ಕೂಲಿಗಾರರ ಬಿಡಾರಗಳಲ್ಲಿ ಕಲಿತ ಅಲ್ಪಸ್ವಲ್ಪ ಅಡುಗೆಯನ್ನು, ಹಾಗೂ ತಾಯಂದಿರ ಕೈಯ ಊಟದ ನೆನಪನ್ನು, ಪಂಜಾಬನ್ನು ಎಂದೂ ಕಾಣದ ಸ್ತ್ರೀಯರಿಗೆ ಹೇಳಿಕೊಟ್ಟರು. ಆ ಸ್ತ್ರೀಯರು ಕೋಳಿಸಾರು, ಪಲ್ಯ, ರೋಟಿ, ನಿಂಬೆಯ ಉಪ್ಪಿನಕಾಯಿಗಳನ್ನು ಮಾಡಲು ಕಲಿತು ಮಕ್ಕಳಿಗೆ ಉಣಬಡಿಸಿದರು. ಮಕ್ಕಳು ತಾಯಿಯ ನುಡಿಯನ್ನೂ ತಾಯಿಯ ಕ್ರೈಸ್ತ ಮತವನ್ನೂ ಹಿಡಿದರು. ಪಂಜಾಬಿ ಭಾಷೆ ಅವರಿಗೆ ಬರಲಿಲ್ಲ. ತಂದೆಯರ ಹೆಸರುಗಳು ಸಹ ಮಗರ್ ಎಂಬುದು ಮಿಗೆಲ್, ಇಂದರ್ ಎಂಬುದು ಆಂದ್ರೆಸ್ ಎಂದು ಸ್ಪ್ಯಾನಿಷಿಗೆ ತಿರುಗಿದುವು. ಮುಂದಿನ ತಲೆಮಾರಿಗೆ ಪಂಜಾಬಿನಿಂದ ಇಳಿದುಬಂದುದು ಮುಖ್ಯವಾಗಿ ಎರಡು: ಸಿಂಗ್, ಖಾನ್ ಮೊದಲಾದ ಮನೆಹೆಸರುಗಳು ಮತ್ತು ಊಟ. ಇವೆರಡರಲ್ಲಿ ಊಟವನ್ನು ಕಾಪಾಡಿದವರು ಮೆಕ್ಸಿಕೋ ಮೂಲದ ತಾಯಂದಿರು.

ಎರಡು ಪಾಕಪದ್ಧತಿಗಳು ಇಷ್ಟು ಸುಲಭವಾಗಿ ಒಂದೇ ಒಲೆಯ ಮೇಲೆ ಸೇರಲು ಕಾರಣಗಳಿದ್ದುವು. ಉತ್ತರ ಮೆಕ್ಸಿಕೋದಲ್ಲಿ ಗೋಧಿ ಹಿಟ್ಟಿನ ಟಾರ್ಟಿಯ ರೂಢಿಯಲ್ಲಿದೆ. ಅದರ ಹಿಟ್ಟಿಗೆ ಸಾಮಾನ್ಯವಾಗಿ ಹಂದಿಯ ಕೊಬ್ಬನ್ನು ಹಾಕುತ್ತಾರೆ; ರೋಟಿಗೆ ಹಾಗೆ ಹಾಕುವುದಿಲ್ಲ. ಇದನ್ನು ಬಿಟ್ಟರೆ ಲಟ್ಟಿಸುವ ಕೈಗೂ ಕಾದ ಹಂಚಿಗೂ ಹೆಚ್ಚಿನ ಭೇದವಿಲ್ಲ. ಬೇಳೆಕಾಳುಗಳನ್ನು ಬೇಯಿಸಿ ರೊಟ್ಟಿಯೊಡನೆ ತಿನ್ನುವುದು, ಕೊತ್ತಂಬರಿ ಸೊಪ್ಪು, ಜೀರಿಗೆ, ಬೆಳ್ಳುಳ್ಳಿಗಳ ಬಳಕೆ, ಇವು ಎರಡು ಕಡೆಗೂ ಸಮಾನ. ಮೆಣಸಿನಕಾಯಿಯ ಮಾತಂತೂ ಸ್ವಾರಸ್ಯವಾದುದು. ಅದು ಮೂಲತಃ ಮೆಕ್ಸಿಕೋ ಸೀಮೆಯದು; ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಿಂದ ಭಾರತಕ್ಕೆ ಬಂತು. ನಾವು ಕನ್ನಡಿಗರು ಅದಕ್ಕೆ ನಮ್ಮ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದು ಕರೆದು ಮನೆಯದನ್ನಾಗಿ ಮಾಡಿಕೊಂಡೆವು. ಪಂಜಾಬಿನ ಪ್ರಸಿದ್ಧವಾದ ಜೋಳದ ರೊಟ್ಟಿಯ ಜೋಳವೂ, ಅಂದರೆ ನಾವು ಮೆಕ್ಕೆಜೋಳವೆನ್ನುವ ಧಾನ್ಯವೂ, ಅಮೆರಿಕಾ ಖಂಡದಿಂದಲೇ ಬಂದುದು. ಇಂಪೀರಿಯಲ್ ಕಣಿವೆಯ ಮನೆಯಲ್ಲಿ ಪಂಜಾಬಿಯೊಬ್ಬನು ತನ್ನ ಊರಿನ ಖಾರವೆಂದು ಬಯಸಿದುದು ಆತನ ಹೆಂಡತಿಯ ಪೂರ್ವಿಕರ ಹಿತ್ತಲಿನ ಬೆಳೆಯಾಗಿತ್ತು.

ಆದರೂ ಕೂಡಿಕೆಗೆ ಮಿತಿಗಳಿದ್ದುವು. ಸಿಖ್ಖರಲ್ಲಿ ಹಲವರು ಗೋಮಾಂಸವನ್ನು ವರ್ಜಿಸುತ್ತಿದ್ದರು. ಮುಸಲ್ಮಾನರು ಹಂದಿಯನ್ನು ಮುಟ್ಟುತ್ತಿರಲಿಲ್ಲ. ಪತ್ನಿಯರಿಗೆ ಈ ನಿಷೇಧಗಳಾವುವೂ ಇರಲಿಲ್ಲ. ಈ ಮೂರು ಬಗೆಯವರೂ ಆಕ್ಷೇಪವಿಲ್ಲದೆ ಉಣ್ಣಬಹುದಾದ ಮಾಂಸ ಕೋಳಿ. ಈ ಕುಟುಂಬಗಳವರು ತಮ್ಮ ಅಡುಗೆಯನ್ನು ನೆನೆಯುವಾಗಲೆಲ್ಲ ಕೋಳಿಸಾರು ಮುಂದಾಗಿ ಬರುವುದಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ನನ್ನ ಊಹೆ. ರೋಟಿ ಕೆಸಡಿಯದೊಳಗಿನ ದನದ ಮಾಂಸವಾದರೋ ಮುಸಲ್ಮಾನ ಯಜಮಾನರ ಅಡುಗೆಮನೆಯಲ್ಲಿ ನಿರಾತಂಕವಾಗಿ ಹುಟ್ಟಬಹುದಾಗಿದ್ದುದು. ತಿನಿಸಿನ ಒಳಗಿನ ಹೂರಣದಿಂದ ಮನೆಯ ಮತವನ್ನು ಹೀಗೆ ಗುರುತಿಸಬಹುದು.

5

ಮೇಲಿನ ಹಿನ್ನೆಲೆಯಿಂದ ಎಲ್ ರಾಂಚೆರೊವನ್ನು ನೋಡಬೇಕು. ಉತ್ತರದ ಯೂಬಾ ಸಿಟಿಯ ಸುತ್ತ ನೆಲೆಸಿದ್ದ ಪಂಜಾಬಿಗಳಲ್ಲಿ ಬಹುಮಂದಿ ಒಂಟಿಗರು. ಮಿಶ್ರ ಕುಟುಂಬಗಳು ದಕ್ಷಿಣದಲ್ಲಿದ್ದಷ್ಟು ಇರಲಿಲ್ಲ. ದಕ್ಷಿಣದಿಂದ ಕೆಲವು ಕುಟುಂಬಗಳು ಕ್ರಮೇಣ ಇತ್ತ ಬಂದುವು. ಭೋಜನಶಾಲೆ ತೆರೆದ 1954ರ ಹೊತ್ತಿಗೆ ಕಾನೂನಿನ ಬಿಗಿ ಸಡಿಲಿತ್ತು. 1946ರ ಲೂಸ್-ಸೆಲ್ಲರ್ ಕಾಯಿದೆ ಭಾರತೀಯರಿಗೆ ಪೌರತ್ವದ ಹಕ್ಕನ್ನು ಕೊಟ್ಟಿತ್ತು. ಕ್ಯಾಲಿಫೋರ್ನಿಯಾದ ಭೂಮಿಯ ಕಾನೂನನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1952ರಲ್ಲಿ ಅಸಿಂಧುಗೊಳಿಸಿತ್ತು. ಎರಡು ವರ್ಷಗಳ ತರುವಾಯ, 1956ರಲ್ಲಿ, ಇಂಪೀರಿಯಲ್ ಕಣಿವೆಯನ್ನೊಳಗೊಂಡ ಕ್ಷೇತ್ರದಿಂದ ದಲೀಪ್ ಸಿಂಗ್ ಸೌಂದ್ ಅವರು ಅಮೆರಿಕಾದ ಪ್ರತಿನಿಧಿಸಭೆಗೆ ಚುನಾಯಿತರಾದರು. ಎಲ್ ರಾಂಚೆರೊ ಹುಟ್ಟಿದುದು ಹೀಗೆ ತಲೆಯೆತ್ತಿ ನಿಲ್ಲಬಹುದಾದ ಕಾಲದಲ್ಲಿ.

ನಾಮಫಲಕವನ್ನು ಮತ್ತೊಮ್ಮೆ ನೋಡೋಣ. ಬೀದಿಯಲ್ಲಿ ಹೋಗುವವರಿಗೆ ಅದು ಮೆಕ್ಸಿಕೋ ಊಟದ ಅಂಗಡಿ. ಕ್ಯಾಲಿಫೋರ್ನಿಯಾದ ಜನಕ್ಕೆ ಆ ಊಟದ ಪರಿಚಯ ಮೊದಲೇ ಇತ್ತು. ಪಂಜಾಬಿನ ಅಡುಗೆಗಾದರೋ ಅಂದು ಅಲ್ಲಿ ಮಾರುಕಟ್ಟೆಯಿರಲಿಲ್ಲ. 1940ರ ಜನಗಣತಿಯಂತೆ ಇಡಿಯ ದೇಶದಲ್ಲಿದ್ದ ಭಾರತೀಯರು ಕೇವಲ 2,405. ಆದುದರಿಂದ ಕೋಳಿಸಾರು, ರೋಟಿಗಳು ಎಂಚಿಲಾಡದ ಆಶ್ರಯದಲ್ಲಿ ಬದುಕಿದುವು. ಅರ್ಧ ಶತಮಾನ ಮನೆಯೊಳಗೇ ಇದ್ದ ಅಡುಗೆ ಹೊರಗಿನವರು ಹಣ ತೆತ್ತು ಉಣ್ಣುವ ಅಡುಗೆಯಾಯಿತು. ಮನೆಯಲ್ಲಿ ಗಂಡನ ಊಟ, ಹೆಂಡತಿಯ ಊಟ ಎಂದು ಅಕ್ಕಪಕ್ಕದಲ್ಲಿದ್ದುದು ಇಲ್ಲಿ ಒಂದೇ ಪಟ್ಟಿಯಲ್ಲಿ ಬೆಲೆಸಹಿತ ನಮೂದಾಯಿತು. ಮುಸಲ್ಮಾನರ ಒಡೆತನ, ಕ್ರೈಸ್ತ ಮೂಲದ ಗೃಹಿಣಿ, ಸಿಖ್ಖರೇ ಬಹುಸಂಖ್ಯೆಯಲ್ಲಿದ್ದ ಪಂಜಾಬಿ ನೆರೆಹೊರೆ. ಪಂಜಾಬು 1947ರಲ್ಲಿ ರಕ್ತಪಾತದಿಂದ ಎರಡಾದ ಏಳು ವರ್ಷಗಳ ಮೇಲೆ ಇಂಥದೊಂದು ಸ್ಥಳ ಪ್ರಪಂಚದ ಮತ್ತೊಂದು ಮೂಲೆಯಲ್ಲಿ ಬಾಗಿಲು ತೆರೆದು ಸುಮಾರು 40 ವರ್ಷ ನಡೆಯಿತೆಂಬುದು ಚರಿತ್ರಕಾರನು ಬರೆದಿಡಬೇಕಾದ ಸಂಗತಿ.

6

ಬಿಡುಗಡೆಯ ಕಾನೂನುಗಳ ಪರಿಣಾಮವನ್ನು ಇನ್ನು ನೋಡಬೇಕು. 1946ರ ಕಾಯಿದೆಯಿಂದ ವರ್ಷಕ್ಕೆ 100 ಮಂದಿ ಭಾರತೀಯರಿಗೆ ಪ್ರವೇಶ ದೊರೆಯಿತು. ಪೌರರಾದವರು ಊರಿಗೆ ಹೋಗಿ ಬರಬಹುದಾಯಿತು. ನಾಲ್ವತ್ತು ವರ್ಷಗಳ ಹಿಂದೆ ಬಿಟ್ಟುಬಂದ ಸಂಬಂಧಗಳು ಮತ್ತೆ ಜೀವ ತಳೆದುವು. ಅಣ್ಣತಮ್ಮಂದಿರ ಮಕ್ಕಳು ಬಂದರು. ಕೆಲವು ಮನೆಗಳಲ್ಲಿ ಆಸ್ತಿಯ ವ್ಯಾಜ್ಯಗಳು ಎದ್ದುವು. 1965ರ ವಲಸೆ ಕಾಯಿದೆ ದೇಶವಾರು ತಾರತಮ್ಯವನ್ನು ತೆಗೆದ ಮೇಲೆ ಪಂಜಾಬಿನಿಂದ ಇಡಿಯ ಕುಟುಂಬಗಳು ಯೂಬಾ ಸಿಟಿಗೆ ಬಂದು ನೆಲೆಸಿದುವು. 1970ರ ಸುಮಾರಿಗೆ ಊರಿನ ಹೊರವಲಯದಲ್ಲಿ ದೊಡ್ಡ ಗುರುದ್ವಾರ ಎದ್ದಿತು. 1912ರಲ್ಲಿ ಸ್ಥಾಪಿತವಾದ ಸ್ಟಾಕ್ಟನ್ ಗುರುದ್ವಾರದಲ್ಲಿ ಒಂದು ಕಾಲಕ್ಕೆ ಭಕ್ತರು ಕುರ್ಚಿಗಳ ಮೇಲೆ ಕುಳಿತುಕೊಳ್ಳುತ್ತಿದ್ದರು. ಹೊಸಬರು ಬಂದಂತೆ ಕುರ್ಚಿಗಳು ಹೋಗಿ ನೆಲದ ಹಾಸು ಬಂತು.

ಹೊಸದಾಗಿ ಬಂದವರ ಮನೆಗಳಲ್ಲಿ ಪಂಜಾಬಿನ ಹೆಂಗಸರೇ ಅಡುಗೆ ಮಾಡಿದರು. ಅವರ ಕಣ್ಣಿಗೆ ಹಳೆಯ ಮಿಶ್ರ ಕುಟುಂಬಗಳು ಪಂಜಾಬಿಗಳಾಗಿ ತೋರಲಿಲ್ಲ. ಸ್ಪ್ಯಾನಿಷ್ ಮಾತನಾಡುವ, ಇಗರ್ಜಿಗೆ ಹೋಗುವ ಸಿಂಗರನ್ನು ತಮ್ಮವರೆಂದು ಹೇಗೆ ಎಣಿಸುವುದು? ಅತ್ತ ಆ ಸಂತತಿಯವರು ಹುಟ್ಟಿನಿಂದ ತಾವು 'ಹಿಂದೂ' ಎಂದೇ ಕರೆಸಿಕೊಂಡು, ಶಾಲೆಯಲ್ಲಿ ಆ ಹೆಸರಿಗಾಗಿ ಅವಮಾನವನ್ನೂ ನುಂಗಿದವರು. ಬಿಳಿಯರು ಯಾವ ಹೆಸರಿಗಾಗಿ ಅವರನ್ನು ದೂರವಿಟ್ಟರೋ ಆ ಹೆಸರಿಗೆ ಅವರು ಅರ್ಹರಲ್ಲವೆಂದು ಈಗ ತಂದೆಯ ನಾಡಿನವರೇ ಹೇಳಿದಂತಾಯಿತು. ಹಳೆಯ ಕುಟುಂಬಗಳವರು ಯೂಬಾ ಸಿಟಿಯಲ್ಲಿ ವರ್ಷಕ್ಕೊಮ್ಮೆ 'ಮೆಕ್ಸಿಕನ್-ಹಿಂದೂ ನೃತ್ಯ' ಎಂಬ ಹೆಸರಿನ ಕೂಟದಲ್ಲಿ ಸೇರಿ ತಮ್ಮ ಸ್ಮೃತಿಯನ್ನು ಕೆಲಕಾಲ ಕಾಪಾಡಿಕೊಂಡರು. ಮಕ್ಕಳು ಮೊಮ್ಮಕ್ಕಳು ಬೇರೆ ಬೇರೆ ಜನಗಳಲ್ಲಿ ಮದುವೆಯಾಗಿ ಚದುರಿದರು. ಹೊಸ ಮಿಶ್ರ ವಿವಾಹಗಳಿಗೆ ಕಾರಣವೂ ಉಳಿಯಲಿಲ್ಲ. ಹೆಂಡತಿಯನ್ನು ಊರಿನಿಂದ ಕರೆಸಬಹುದಾದ ಮೇಲೆ ಹತ್ತಿಯ ಹೊಲದ ಪರಿಚಯ ಯಾರಿಗೆ ಬೇಕು?

1993ರಲ್ಲಿ ಎಲ್ ರಾಂಚೆರೊ ಮುಚ್ಚಿತು. ಅಂಗಡಿಯೊಂದು ಮುಚ್ಚುವುದಕ್ಕೆ ಮನೆಯ ಕಾರಣಗಳು ನೂರಿರಬಹುದು. ಅದೊಂದರಿಂದಲೇ ಚರಿತ್ರೆಯ ನಿರ್ಣಯ ಮಾಡಲಾಗದು. ಆದರೆ ಆ ಮನೆಗಳ ಸಂಖ್ಯೆಯೇ ಕುಗ್ಗಿದ್ದ ಕಾಲದಲ್ಲಿ ಅದು ಮುಚ್ಚಿತೆಂಬುದನ್ನು ಮರೆಯಲಾಗದು. ಈ ಶತಮಾನದಲ್ಲಿ ಕ್ಯಾಲಿಫೋರ್ನಿಯಾದ ನಗರಗಳಲ್ಲಿ ಭಾರತೀಯ ಮಸಾಲೆಯ ಕೋಳಿಯನ್ನು ಮೆಕ್ಸಿಕೋದ ಬರಿಟೊದಲ್ಲಿ ಸುತ್ತಿ ಮಾರುವ ಅಂಗಡಿಗಳು ಬಂದಿವೆ. ಅವುಗಳ ತಿನಿಸು ರುಚಿಯಾಗಿರಬಹುದು. ಆದರೆ ಅದು ವ್ಯಾಪಾರಿಯ ಕಲ್ಪನೆಯಿಂದ ಹುಟ್ಟಿದುದು. ಹಳೆಯ ಕುಟುಂಬಗಳ ಅಡುಗೆಗೂ ಅದಕ್ಕೂ ವಂಶಸಂಬಂಧವನ್ನು ಕಲ್ಪಿಸುವುದು ಸರಿಯಲ್ಲ.

7

ಈ ಪರಿಶೀಲನೆಯಿಂದ ಮೂರು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದು: ಮಿಶ್ರ ಪಾಕಪದ್ಧತಿಯನ್ನು ಕೇವಲ ರುಚಿಯ ಅಥವಾ ಸ್ನೇಹದ ಫಲವೆಂದು ತಿಳಿಯುವುದು ಸಾಲದು, 1917ರ ವಲಸೆ ಕಾಯಿದೆ, ವಿವಾಹದ ಕಾನೂನು, ಭೂಮಿಯ ಕಾನೂನು, ಇವುಗಳನ್ನು ತಿಳಿಯದೆ ರೋಟಿ ಕೆಸಡಿಯವನ್ನು ವಿವರಿಸಲಾಗದು. ಎರಡನೆಯದು: ಸಂಪ್ರದಾಯವನ್ನು ರಕ್ಷಿಸುವವರು ಸದಾ ಆ ಸಂಪ್ರದಾಯದಲ್ಲಿ ಹುಟ್ಟಿದವರೇ ಆಗಿರಬೇಕಾಗಿಲ್ಲ. ಪಂಜಾಬಿನ ಅಡುಗೆ ಕ್ಯಾಲಿಫೋರ್ನಿಯಾದ ಈ ಮನೆಗಳಲ್ಲಿ ಎರಡು ತಲೆಮಾರು ಉಳಿದುದು ಪಂಜಾಬನ್ನು ಕಾಣದ ಸ್ತ್ರೀಯರ ಕೈಯಲ್ಲಿ. ಮೂರನೆಯದು: ನ್ಯಾಯವಾದ ಕಾನೂನಿಗೂ ಅದರದೇ ಆದ ವ್ಯಯವುಂಟು. 1946 ಮತ್ತು 1965ರ ಕಾಯಿದೆಗಳು ಬರಬೇಕಾಗಿದ್ದುವು. ಅವು ಬಾರದಿದ್ದರೆ ಅನ್ಯಾಯವೇ ಮುಂದುವರಿಯುತ್ತಿತ್ತು. ಆದರೆ ಅನ್ಯಾಯದ ಕಾಲದಲ್ಲಿ ಎರಡು ದೇಶಗಳ ಬಡಜನ ಕೂಡಿ ಕಟ್ಟಿಕೊಂಡಿದ್ದ ಬಾಳ್ವೆಗೆ ಆ ನ್ಯಾಯದಲ್ಲಿ ಸ್ಥಳ ದೊರೆಯಲಿಲ್ಲ.

ಹೊರನಾಡಿನ ಭಾರತೀಯರ ಚರಿತ್ರೆಯನ್ನು ಬರೆಯುವಾಗ ನಾವು ಗದರ್ ಪಕ್ಷವನ್ನು ನೆನೆಯುತ್ತೇವೆ, ಥಿಂಡ್ ಅವರನ್ನು ನೆನೆಯುತ್ತೇವೆ, ಸೌಂದ್ ಅವರನ್ನು ನೆನೆಯುತ್ತೇವೆ. ಅದು ಸರಿಯೇ. ಆ ಪುರುಷರಿಗೆ ಪ್ರತಿದಿನ ರೋಟಿ ಲಟ್ಟಿಸಿಕೊಟ್ಟ, ಗಂಡನ ಊರನ್ನು ಒಮ್ಮೆಯೂ ನೋಡದೆ ಆ ಊರಿನ ಉಪ್ಪಿನಕಾಯಿಯನ್ನು ಹಾಕಲು ಕಲಿತ ಸ್ತ್ರೀಯರಿಗೂ ಅದೇ ಚರಿತ್ರೆಯಲ್ಲಿ ಒಂದು ಅಧ್ಯಾಯ ಸಲ್ಲಬೇಕು. ಎಲ್ ರಾಂಚೆರೊದ ಊಟದ ಪಟ್ಟಿ ಆ ಅಧ್ಯಾಯಕ್ಕೆ ಬೇಕಾದ ಆಕರಗಳಲ್ಲಿ ಒಂದು.